ಬಸ್ರಾದ ರೊಟ್ಟಿಯಮ್ಮ

ಬೆಂಗಳೂರಿನಿಂದ ಬಂದು ಮಲಾಡಿನ ತಮ್ಮನ ಮನೆಯಲ್ಲಿ ಇಳಿದಿದ್ದೆ. ಮಧ್ಯಾಹ್ನ ಫೋರ್ಟ್‌ನ ಉಡುಪಿ ಹೋಟೆಲಿನಲ್ಲಿ ಇರಾನ್-ಇರಾಕ್ ಯುದ್ಧದ ಸುದ್ದಿ ಓದುತ್ತಿದ್ದಾಗ, ಅಡುಗೆಯ ಶೀನಣ್ಣ ಕೈ ಒರೆಸಿಕೊಳ್ಳುತ್ತ ಬಂದು ಎದುರು ಕೂತರು. ಹೋದ ವರ್ಷದವರೆಗೂ ಅವರು ಇರಾಕಿನ ಬಸ್ರಾದಲ್ಲಿ ಕಂಪನಿಯೊಂದರ ಮೆಸ್ಸಿನಲ್ಲಿದ್ದವರು.

"ಅಲ್ಲಿ ಪೇಪರ್ ಓದಿ ಏನೂ ಗೊತ್ತಾಗುದಿಲ್ಲ ಮಾರಾಯ್ರೆ. ಇರುವುದೇ ಒಂದು ಪಾರ್ಟಿ, ಸರ್ಕಾರ, ಪೇಪರ್, ರೇಡಿಯೋ ಎಲ್ಲ ಅದರದ್ದೇ. ಸಮುದ್ರದ ಬದಿಯ ಒಂದು ಊರು ಇರಾನಿನವರ ಕೈಗೆ ಹೋಗಿತ್ತು. ರೇಡಿಯೋದಲ್ಲಿ ಮಾತ್ರ ದಿನಾ ಗೆಲುವಿನ ಪದ್ಯ. ಊರು ಹೋಯ್ತು ಅಂತ ಬಾಯಿ ಬಿಟ್ಟವನನ್ನು ಹಿಡ್ಕೊಂಡು ಹೋಗ್ತಿದ್ರು."

ಮೆಸ್ಸಿಗೆ ರೊಟ್ಟಿ ಕೊಡುತ್ತಿದ್ದ ಹೆಂಗಸಿನ ಮಗ ಆ ಊರಿನಲ್ಲೇ ಸಿಪಾಯಿಯಾಗಿದ್ದನಂತೆ. ಒಂದು ದಿನ ಪಾರ್ಟಿಯವನು ಅವಳ ಅಂಗಡಿಯ ಮುಂದೆ ನಿಂತು, ಒಂದು ಗೇಣು ನೆಲವೂ ಹೋಗಿಲ್ಲವೆಂದು ಭಾಷಣ ಮಾಡಿದ. ಆಕೆ ನೇರ ಅವನೆದುರು ಹೋಗಿ ನಿಂತಳು.

"'ಒಳ್ಳೇದಾಯ್ತಪ್ಪ, ಹಾಗಾದ್ರೆ ನಂಗೆ ಅಲ್ಲಿಗೊಂದು ಬಸ್ ಟಿಕೆಟ್ ಮಾಡಿಸಿಕೊಡು, ಮಗನನ್ನು ನೋಡಿ ಬರ್ತೇನೆ' ಅಂದಳು."

"ಅವನೇನು ಮಾಡಿದ?"

"ಏನು ಮಾಡ್ಲಿಕ್ಕುಂಟು? ಮೆಲ್ಲಗೆ, 'ಅಲ್ಲಿಗೆ ಬಸ್ಸಿಲ್ಲಮ್ಮ' ಅಂದ. ಇಡೀ ಬೀದಿಗೆ ಕೇಳಿತು. ಊರು ಹೋಯ್ತು ಅಂತ ಪಾರ್ಟಿಯ ಬಾಯಿಂದಲೇ ಬಂದ ಹಾಗಾಯ್ತು."

"ಆಕೆಯನ್ನು ಹಿಡಿಯಲಿಲ್ಲವೆ?"

"ಯಾಕೆ ಅಂತ ಹಿಡಿಯುದು? ಅವಳು ಕೇಳಿದ್ದು ಟಿಕೆಟ್ ಅಲ್ವಾ!" ಶೀನಣ್ಣನ ಮುಖ ಹೆಮ್ಮೆಯಿಂದ ಅರಳಿತು, ಸ್ವಂತ ಅಕ್ಕನ ಮಾತು ಹೇಳಿದಂತೆ. ಆಮೇಲೆ ದನಿ ತಗ್ಗಿಸಿದರು. "ಮಾರನೇ ದಿನವೂ ಬೆಳಿಗ್ಗೆ ಬಿಸಿ ರೊಟ್ಟಿ ತಂದಳು. ಮಗನ ವಿಷಯ ನಾವು ಯಾರೂ ಕೇಳ್ಲಿಲ್ಲ."