ಲಾರಿ ಹೋದ ಮೇಲೆ ಅಳಿಸುವ ಗೆರೆ

ನನ್ನ ಮೊಮ್ಮಗಳ ಕೆಲಸ ಖಾಯಂ ಆಯಿತು! ಮೊದಲು ಇದನ್ನು ಬರೆದುಬಿಟ್ಟಿದ್ದೇನೆ, ಮಿಕ್ಕಿದ್ದೆಲ್ಲ ಆಮೇಲೆ. ಹೋದ ಶುಕ್ರವಾರ ಮಧ್ಯಾಹ್ನ ಪಿಲ್ಲಗುಂಪೆಯ ಕಾರ್ಖಾನೆಯಲ್ಲಿ ಕಾಗದ ಅವಳ ಕೈಗೆ ಬಂತು. ಫೋನಿನಲ್ಲಿ "ಅಜ್ಜಿ, ಆಯ್ತು ಕಣಜ್ಜಿ" ಅಂದಳು, ಅಷ್ಟೇ. ನಾನು ಅವರೆಕಾಯಿಯ ಮೊರ ಹಿಡಿದುಕೊಂಡೇ ಬೀದಿಗೆ ಓಡಿ, ಎದುರು ಮನೆಯವಳಿಗೂ ಡೇರಿಗೆ ಹಾಲು ಹಾಕಲು ಹೊರಟವನಿಗೂ ಹೇಳಿದೆ. ಅರ್ಧ ಕಾಳು ಬೀದಿಪಾಲಾಯಿತು. ಆಗಲಿ.

ಆ ಕಾಗದಕ್ಕೆ ಸಹಿ ಹಾಕಬೇಕಾಗಿ ಬಂದವನು ನನ್ನ ಮೈದುನನ ಅಳಿಯ. ಮೂರು ತಿಂಗಳಿಂದ ನನ್ನ ಮಗುವನ್ನು ಮನೆಗೆ ಅಟ್ಟಬೇಕೆಂದು ಕಾದು ಕೂತಿದ್ದವನು ಅವನೇ. ಸಹಿ ಹಾಕುವಾಗ ಅವನ ಮುಖ ಹೇಗಿತ್ತೋ, ನೋಡಲು ನಾನಲ್ಲಿರಲಿಲ್ಲ. ನನ್ನ ಸಂತೋಷದಲ್ಲಿ ಅದೊಂದೇ ಕೊರತೆ.

ಆ ಕಾರ್ಖಾನೆಯಲ್ಲಿ ಗಾಡಿಗಳಿಗೆ ಬೇಕಾದ ಕಬ್ಬಿಣದ ಬಿಡಿಭಾಗ ಮಾಡುತ್ತಾರೆ. ಬೆಲ್ಟಿನ ಮೇಲೆ ಬರುವ ಒಂದೊಂದನ್ನೂ ಕ್ಯಾಮೆರಾ ಫೋಟೋ ಹಿಡಿಯುತ್ತದೆ. ಕಂಪ್ಯೂಟರು ಆ ಫೋಟೋ ನೋಡಿ ಒಳ್ಳೆಯದು, ಕೆಟ್ಟದ್ದು ಅಂತ ಬೇರೆ ಮಾಡುತ್ತದೆ. ಕ್ಯಾಮೆರಾಕ್ಕೂ ಕಂಪ್ಯೂಟರಿಗೂ ನಡುವೆ ಇರುವ ಪ್ರೋಗ್ರಾಮು ನೋಡಿಕೊಳ್ಳಲು ನನ್ನ ಮೊಮ್ಮಗಳು ಟ್ರೈನಿಯಾಗಿ ಸೇರಿದಳು. ಮೈದುನನ ಅಳಿಯ ಆ ವಿಭಾಗಕ್ಕೆಲ್ಲ ದೊಡ್ಡವನು. ಆ ಕಂಪ್ಯೂಟರು ದಿನಾ ಊಟದ ಹೊತ್ತಿಗೆ ಕೆಟ್ಟು ನಿಲ್ಲುತ್ತಿತ್ತು, ಅದರ ಜೊತೆ ಬೆಲ್ಟೂ. ಅದು ಅವಳು ಸೇರುವ ಮುಂಚಿನಿಂದಲೂ ಇದ್ದ ರೋಗ. ಆದರೆ ಅವಳು ಸೇರಿದ ಮೇಲೆ ಅವನಿಗೆ ಬೈಯಲು ಒಂದು ಮುಖ ಸಿಕ್ಕಿತು.

ಪಿತೃಪಕ್ಷದಲ್ಲಿ ನಮ್ಮ ಮನೆಗೆ ಎಡೆಗೆ ಬಂದಿದ್ದ. ಎಲ್ಲರ ಮುಂದೆ, ಅವಳು ಸಾರು ಬಡಿಸುತ್ತಿರುವಾಗಲೇ, ಮೈದುನನಿಗೆ ಹೇಳಿದ: "ಸಾರು ಬಡ್ಸೋದು ಚೆನ್ನಾಗ್ ಬರತ್ತೆ ಮಾವ ಇವ್ಳಿಗೆ. ಇಲ್ಲೇ ಇರ್ಲಿ ಬಿಡಿ, ಮಿಷಿನ್ ಸಹವಾಸ ಯಾಕೆ?"

ಮೈದುನ ನಕ್ಕ. ನಾನು ನಗಲಿಲ್ಲ. ಅವಳು ಅವನ ಎಲೆ ದಾಟಿ ಮುಂದಿನವರಿಗೆ ಬಡಿಸಿದಳು. ಅವತ್ತಿನಿಂದ ಆ ಅಳಿಯನ ಹೆಸರು ಬಂದರೆ ನನ್ನ ಹಲ್ಲು ತಾವಾಗಿಯೇ ಕಡಿಯುತ್ತವೆ.

ಅವನು ಕಂಡುಹಿಡಿದ ಮದ್ದು ಏನು ಗೊತ್ತೇ? ಕಂಪ್ಯೂಟರಿಗೆ ಇನ್ನಷ್ಟು ಮೆಮೊರಿ ತರಿಸಿ ಹಾಕಿಸಿದ್ದು. ಊಟದ ಹೊತ್ತಿಗೆ ನಿಲ್ಲುತ್ತಿದ್ದದ್ದು ಸಂಜೆ ನಾಲ್ಕಕ್ಕೆ ನಿಲ್ಲತೊಡಗಿತು. ಆಮೇಲೆ ಒಂದು ಶನಿವಾರ ಅವಳಿಗೆ ಹೇಳಿದನಂತೆ: "ನೋಡಮ್ಮ, ಬರೋ ಶುಕ್ರವಾರದೊಳ್ಗೆ ಬೆಲ್ಟು ನಿಲ್ಲದಂಗ್ ಮಾಡು. ಇಲ್ಲಾಂದ್ರೆ ಬ್ಯಾಗ್ ಎತ್ಕೊಂಡು ಹೋಗ್ತಾ ಇರು."

ಭಾನುವಾರ ಜಗಲಿಯ ಮೇಲೆ ಇಬ್ಬರೂ ಅವರೆಕಾಯಿ ಸುಲಿಯುತ್ತ ಕೂತಿದ್ದೆವು. "ಏನೇ ಅದು ರೋಗ, ನಂಗೂ ತಿಳಿಯಂಗೆ ಹೇಳು" ಅಂದೆ.

"ನಿಂಗೇ ಚೆನ್ನಾಗ್ ತಿಳಿಯತ್ತೆ ಬಿಡಜ್ಜಿ. ಮೆಮೊರಿ ಅಂದ್ರೆ ನಿನ್ ಅಂಗಳ ಇದ್ದಂಗೆ" ಅಂದಳು.

ನನ್ನ ಅಂಗಳ ಅಂದದ್ದು ಜಡಿಗೇನಹಳ್ಳಿ ರಸ್ತೆಯಲ್ಲಿದ್ದ ತರಕಾರಿ ಮಂಡಿಯ ಅಂಗಳ. ಯಜಮಾನರು ಬೇರೆ, ಕಾಯುತ್ತಿದ್ದವರು ನಾನೂ ನನ್ನ ಗಂಡನೂ. ರೈತರು ತಂದ ಟೊಮೇಟೊ ಕ್ರೇಟುಗಳನ್ನು ಜಾಗ ಸಾಲದಾದಾಗ ಅತ್ತ ಇತ್ತ ಸರಿಸುತ್ತ ಇರುವುದೇ ನಮ್ಮ ಕೆಲಸ. ಆದರೆ ಹೊರಗಿನಿಂದ ಆಲೂಗಡ್ಡೆ ಲಾರಿ ಬರುತ್ತದೆ ಅಂದರೆ ಒಂದು ಚೌಕ ಖಾಲಿ ಮಾಡಿ, ಡ್ರೈವರಿಗೆ ಫೋನಿನಲ್ಲಿ ಜಾಗ ಹೇಳಿಬಿಡುತ್ತಿದ್ದೆವು. ಅವನು ನಮ್ಮನ್ನು ಕೇಳದೆ ಸೀದಾ ಬಂದು ಅಲ್ಲೇ ಇಳಿಸುತ್ತಿದ್ದ. ಅವನು ಇಳಿಸಿ ಹೋಗುವವರೆಗೆ ಆ ಚೌಕ ಯಾರೂ ಮುಟ್ಟುವ ಹಾಗಿಲ್ಲ. ನನ್ನ ಓದು ಮೂರನೇ ಕ್ಲಾಸು, ಲಾರಿ ನಂಬರು ಬರೆದಿಡುವಷ್ಟು ವೇಗ ಕೈಗೆ ಇರಲಿಲ್ಲ. ಅದಕ್ಕೆ ಚೌಕದ ಬಾಯಿಗೆ ಒಂದು ಸುಣ್ಣದ ಗೆರೆ ಎಳೆಯುತ್ತಿದ್ದೆ. ಅದೇ ಚೌಕಕ್ಕೆ ಎರಡು ಲಾರಿ ಅಂದರೆ ಎರಡು ಗೆರೆ. ಒಂದು ಲಾರಿ ಹೋದರೆ ಒಂದು ಗೆರೆ ಅಳಿಸು. ಗೆರೆಯೇ ಇಲ್ಲದ ಚೌಕ ಯಾರದು ಬೇಕಾದರೂ ಆಗಬಹುದು.

"ಕಂಪ್ಯೂಟ್ರಲ್ಲೂ ಹಂಗೇ ಕಣಜ್ಜಿ" ಅಂದಳು. "ಒಳ್ಗಡೆ ಕರ್ನಲ್ ಅಂತ ಮೇಸ್ತ್ರಿ ಇರ್ತಾನೆ. ಜಾಗ ಸಾಲ್ದೆ ಬಂದ್ರೆ ಸಾಮಾನು ಸರಿಸ್ತಾನೆ, ಬೇಡದ್ದನ್ನ ಆಚೆ ಇಡ್ತಾನೆ. ಆದ್ರೆ ಕ್ಯಾಮೆರಾದಿಂದ ಫೋಟೋ ತರೋ ಕಾರ್ಡು ಅವ್ನನ್ನ ಕೇಳಲ್ಲ. ಸೀದಾ ಹೇಳಿದ್ ಜಾಗಕ್ಕೆ ಫೋಟೋ ಸುರೀತದೆ. ಅಲ್ಲೀವರ್ಗೂ ಆ ಜಾಗ ಕದಲಬಾರ್ದು ಅಂತ ಪಿನ್ ಮಾಡಿರ್ತೀವಿ. ನಿನ್ ಗೆರೆ ಥರ."

"ಸುರಿದಾದ್ ಮೇಲೆ ಅಳಿಸ್ತೀರ?"

"ಅಳಿಸ್ತೀವಿ. ಪಿನ್ ತೆಗೀತೀವಿ."

"ಡ್ರೈವರು ಜಗಳ ಆಡ್ಕೊಂಡು ಅರ್ಧಕ್ಕೇ ಹೊರಟೋದ್ರೆ?"

ಅವಳು ಸುಲಿಯುವುದು ನಿಲ್ಲಿಸಿದಳು. ಆ ಪ್ರಶ್ನೆ ನಾನು ಜಾಣತನಕ್ಕೆ ಕೇಳಿದ್ದಲ್ಲ. ನನ್ನ ಅಂಗಳದಲ್ಲಿ ಹಾಗೆ ಆಗುತ್ತಿತ್ತು, ಅದಕ್ಕೆ ಕೇಳಿದೆ. ಜಗಳ ಆಡಿ ಹೋದ ಲಾರಿಯ ಗೆರೆ ಅಳಿಸಲು ಯಾರಿಗೂ ನೆನಪಿರುತ್ತಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅಂಗಳದ ತುಂಬ ಖಾಲಿ ಚೌಕ, ಎಲ್ಲದಕ್ಕೂ ಗೆರೆ, ರೈತರು ಬಾಗಿಲಲ್ಲಿ ಬಾಯಿ ಬಡಿದುಕೊಳ್ಳುತ್ತಿದ್ದರು. ಆ ಅಂಗಳದ ಯಜಮಾನನೂ ಈ ಅಳಿಯನಂಥವನೇ, ಪಕ್ಕದ ಜಮೀನು ಸೇರಿಸಿ ಅಂಗಳ ದೊಡ್ಡದು ಮಾಡಿದ. ಅದೂ ಸಂಜೆಗೆ ತುಂಬಿತು.

ಮರುದಿನ ಅವಳು ಹೋಗಿ ನೋಡಿದರೆ ಅದೇ ಆಗಿತ್ತು. ಬೆಲ್ಟು ಅದುರಿ ಕ್ಯಾಮೆರಾ ವೈರು ಆಗಾಗ ಸಡಿಲವಾಗಿ ಫೋಟೋ ಅರ್ಧಕ್ಕೇ ನಿಂತುಹೋಗುತ್ತಿತ್ತು. ಪೂರ್ತಿ ಬಂದ ಫೋಟೋದ ಪಿನ್ ತೆಗೆಯಲು ಪ್ರೋಗ್ರಾಮಿನಲ್ಲಿ ಬರೆದಿತ್ತು, ಅರ್ಧಕ್ಕೆ ನಿಂತದ್ದರ ಪಿನ್ ತೆಗೆಯಲು ಬರೆದೇ ಇರಲಿಲ್ಲ. ಅವಳು ಬರೆದಳು. ಮಂಗಳವಾರ ಬೆಲ್ಟು ಸಂಜೆವರೆಗೂ ಓಡಿತು.

ಬುಧವಾರ ಮಾನ ಹೋಯಿತು. ಒಂದು ಭಾಗದ ಫೋಟೋದೊಳಗೆ ಇನ್ನೊಂದರ ಅರ್ಧ ಬಂದು ಕೂತಿತ್ತಂತೆ. ಒಳ್ಳೆಯದನ್ನೆಲ್ಲ ಕೆಟ್ಟದ್ದು ಅಂತ ಕಂಪ್ಯೂಟರು ಎಸೆಯಿತು. ಆ ಅಳಿಯ ಕೆಲಸದವರನ್ನೆಲ್ಲ ಕರೆದು ನಿಲ್ಲಿಸಿಕೊಂಡು, "ಬನ್ರಪ್ಪಾ, ನೋಡ್ರಿ ನಮ್ಮ ಇಂಜಿನಿಯರಮ್ಮನ ರಿಪೇರಿ" ಅಂದನಂತೆ. ಅವನ ನಾಲಿಗೆ ಸೇದಿಹೋಗ.

ಸಂಜೆ ಬಂದವಳು ಕಾಫಿಯನ್ನೂ ಮುಟ್ಟದೆ ಕೂತಳು. ಆಮೇಲೆ ಇದ್ದಕ್ಕಿದ್ದಂತೆ, "ಅಜ್ಜಿ, ಆ ಟೊಮೇಟೊ ಜಜ್ಜಿಹೋದ ದಿನ ಏನಾಗಿತ್ತು?" ಅಂದಳು.

ನನಗೆ ರೇಗಿತು. ಆ ದಿನದ ಮಾತು ನಮ್ಮ ಮನೆಯಲ್ಲಿ ಯಾರೂ ಎತ್ತುವುದಿಲ್ಲ. "ಅವ್ನ ಮೇಲಿನ ಸಿಟ್ಟು ನನ್ ಮೇಲೆ ತೀರಿಸ್ಕೋತೀಯೇನೆ?" ಅಂದೆ.

"ಇಲ್ಲಜ್ಜಿ. ನಿಜವಾಗ್ಲೂ ಬೇಕು, ಹೇಳು."

ಹೇಳಿದೆ. ಒಬ್ಬ ಡ್ರೈವರು ನನ್ನ ಜೊತೆ ಕಿತ್ತಾಡಿ, "ನಿಮ್ ಅಂಗಳಕ್ಕೆ ಇಳಿಸಲ್ಲ ಹೋಗಮ್ಮ" ಅಂತ ಟೀ ಅಂಗಡಿಗೆ ಹೊರಟುಹೋದ. ನಾನು ಸಿಟ್ಟಿಗೆ ಕಾಲಿಂದಲೇ ಗೆರೆ ಅಳಿಸಿ, ಕಾಯುತ್ತಿದ್ದ ರೈತನಿಗೆ ಆ ಚೌಕ ಕೊಟ್ಟೆ. ಅವನು ಕ್ರೇಟು ಜೋಡಿಸಿಟ್ಟು ಬೀಡಿ ಸೇದಲು ಹೋದ. ಆದರೆ ಲಾರಿ ಹೋಗಿರಲಿಲ್ಲ. ಮೇಲಿದ್ದ ಹಮಾಲಿಗಳಿಗೆ ನಿಲ್ಲಿಸಿ ಅಂತ ಯಾರೂ ಹೇಳಿರಲಿಲ್ಲ. ಅವರು ಬೆನ್ನು ತಿರುಗಿಸಿಕೊಂಡೇ ಆಲೂಗಡ್ಡೆ ಮೂಟೆಗಳನ್ನು ಅದೇ ಚೌಕಕ್ಕೆ ದಬದಬ ಎಸೆದರು. ಟೊಮೇಟೊ ರಸ ಬಾಗಿಲವರೆಗೂ ಹರಿಯಿತು. ಆ ರೈತ ನನ್ನ ಮುಂದೆ ಅತ್ತದ್ದು ಈಗಲೂ ಕಣ್ಣಿಗೆ ಕಟ್ಟಿದೆ.

"ಆಮೇಲೆ ಏನ್ ಮಾಡ್ದೆ?"

"ಇನ್ನೇನ್ ಮಾಡ್ಲಿ? ಲಾರಿ ಗೇಟು ದಾಟೋದನ್ನ ಕಣ್ಣಾರೆ ನೋಡ್ದೆ ಗೆರೆ ಅಳಿಸ್ಲಿಲ್ಲ, ಅವತ್ತಿಂದ."

ಅವಳು ಎದ್ದು ನನ್ನ ತಲೆ ಹಿಡಿದು ಮುತ್ತು ಕೊಟ್ಟಳು. "ನಾನೂ ಅದೇ ತಪ್ಪು ಮಾಡಿದೀನಿ. ಫೋಟೋ ನಿಂತೋಯ್ತು ಅಂತ ಪಿನ್ ತೆಗೆದ್ಬಿಟ್ಟೆ. ಕಾರ್ಡಿಗೆ ನಿಲ್ಸು ಅಂತ ಹೇಳ್ಲೇ ಇಲ್ಲ. ವೈರು ಮತ್ತೆ ತಗುಲಿದ್ ತಕ್ಷಣ ಅದು ಮಿಕ್ಕಿದ್ದನ್ನ ಅದೇ ಜಾಗಕ್ಕೆ ಸುರೀತಿತ್ತು. ಅಷ್ಟರೊಳ್ಗೆ ಮೇಸ್ತ್ರಿ ಆ ಜಾಗ ಬೇರೆಯವ್ರಿಗೆ ಕೊಟ್ಟಿದ್ದ!"

ಗುರುವಾರ ಅದನ್ನು ಸರಿಮಾಡಿದಳು. ಮೊದಲು ಕಾರ್ಡನ್ನು ನಿಲ್ಲಿಸುವುದು, ಅದು ನಿಂತದ್ದು ಖಾತ್ರಿಯಾದ ಮೇಲೆ ಪಿನ್ ತೆಗೆಯುವುದು. ಬೇಕಂತಲೇ ಕ್ಯಾಮೆರಾ ವೈರು ಕಿತ್ತು ಕಿತ್ತು ನೋಡಿದಳಂತೆ. ಕಂಪ್ಯೂಟರು ನಿಲ್ಲಲಿಲ್ಲ, ಫೋಟೋವೂ ಒಂದರೊಳಗೊಂದು ಬೆರೆಯಲಿಲ್ಲ. ಶುಕ್ರವಾರ ಬೆಳಿಗ್ಗೆ ಕಾರ್ಖಾನೆಯ ಮೇಲಿನವರು ನೋಡಲು ಬಂದಾಗ ಆ ಅಳಿಯ ಎದೆ ಉಬ್ಬಿಸಿ, "ನಾನೇ ಕೂತು ಮಾಡಿಸ್ದೆ ಸಾರ್" ಅಂದ. "ಹಂಗಾದ್ರೆ ಏನ್ ತಪ್ಪಿತ್ತು ಹೇಳಿ" ಅಂದರಂತೆ ಅವರು. ಅವನು ಮೆಮೊರಿ, ಮೆಮೊರಿ ಅಂತ ಎರಡು ಸಲ ಅಂದು ನನ್ನ ಮೊಮ್ಮಗಳ ಮುಖ ನೋಡಿದ. ನನ್ನ ಮಗು ಬೋರ್ಡಿನ ಮೇಲೆ ಚೌಕ ಬರೆದು, ಗೆರೆ ಎಳೆದು, ಎಲ್ಲ ವಿವರಿಸಿದಳು. ಮಧ್ಯಾಹ್ನದೊಳಗೆ ಕಾಗದ ತಯಾರು ಮಾಡಿ ಅಂತ ಅವರು ಅವನಿಗೇ ಹೇಳಿ ಹೋದರು.

ಆ ಸಂಜೆಯೇ ಎಲ್ಲರನ್ನೂ ಊಟಕ್ಕೆ ಕರೆದೆ. ಮಗ, ಸೊಸೆ, ಮೈದುನನ ಮನೆಯವರು, ಆ ಅಳಿಯ. ಅವನನ್ನು ಬಿಡುವುದುಂಟೇ? ನಾನೇ ಫೋನು ಮಾಡಿಸಿದೆ. ಉಳಿದ ಅವರೆಕಾಳು ಹಿತುಕಿ ಬೇಳೆ ಸಾರು ಮಾಡಿದ್ದೆ, ಬಿಸಿ ಮುದ್ದೆ, ಮೇಲೆ ತುಪ್ಪ. ನಡುಮನೆಯಲ್ಲಿ ಎಲ್ಲರೂ ಒಂದೇ ಸಾಲಿಗೆ ಕೂತರು. ಮೊಮ್ಮಗಳನ್ನು ಬಡಿಸಲು ಏಳಗೊಡಲಿಲ್ಲ, ಅವನ ಪಕ್ಕದಲ್ಲೇ ಕೂರಿಸಿದೆ.

ನಮ್ಮ ಮನೆಯಲ್ಲಿ ಒಂದು ಪದ್ಧತಿ ಇದೆ. ಸಾಲಿನಲ್ಲಿ ಕೊನೆಯವರು ಉಂಡು ಮುಗಿಸುವವರೆಗೆ ಯಾರೂ ಏಳುವ ಹಾಗಿಲ್ಲ. ಅವನು ಗಬಗಬ ಉಂಡು ಮುಗಿಸಿದ. ಕೈ ಒಣಗಿತು. ಜೇಬಿನಲ್ಲಿ ಫೋನು ಎರಡು ಸಲ ಬಡಿದುಕೊಂಡಿತು. ಇವಳು ಕಾಳು ಕಾಳಾಗಿ ಚಪ್ಪರಿಸುತ್ತಿದ್ದಳು.

"ಬೇಗ ಉಣ್ಣಮ್ಮ, ನಂಗೆ ಹೊಸಕೋಟೇಲಿ ಕೆಲ್ಸ ಐತೆ" ಅಂದ.

"ಅವ್ಳು ಮುಗಿಸ್ಲಿ ಅಳಿಯಂದ್ರೆ" ಅಂದೆ. "ಅಲ್ಲೀವರ್ಗೂ ನೀವು ಕೂತಿರೋ ಜಾಗ ಕದಲಬಾರ್ದು."

ಮೈದುನ ಈ ಸಲವೂ ನಕ್ಕ. ಮೊಮ್ಮಗಳು ತಲೆ ಬಗ್ಗಿಸಿಕೊಂಡೇ, "ಅಜ್ಜಿ, ಇನ್ನರ್ಧ ಮುದ್ದೆ" ಅಂದಳು. ನಾನು ಒಂದು ಪೂರ್ತಿ ಮುದ್ದೆಯನ್ನೇ ಅವಳ ಎಲೆಗೆ ಹಾಕಿ, ಸಾರಿನ ಪಾತ್ರೆ ತರಲು ನಿಧಾನವಾಗಿ ಒಳಗೆ ಹೋದೆ.