ಕೈಗುಣವನ್ನು ನಂಬಿದ ಇಪ್ಪತ್ತೈದು ವರ್ಷ

ಬಂದವರ ನೋವನ್ನು ವಿಚಾರಿಸುವ ಮೊದಲು ಬಂದ ದಾರಿಯ ದಣಿವನ್ನು ವಿಚಾರಿಸುವವರು. ಪರರ ದೇಹವನ್ನು ದೇವರ ಗುಡಿಯೆಂದು ಬಗೆದು, ಮುಟ್ಟುವ ಮುನ್ನ ಕೈತೊಳೆದು ಅರೆಗಳಿಗೆ ಕಣ್ಣುಮುಚ್ಚುವವರು. ಮುದುಕರ ಒಂದೇ ಕಥೆಯನ್ನು ಹತ್ತನೆಯ ಸಲವೂ ಮೊದಲ ಸಲದಂತೆ ಆಲಿಸುವವರು. ಹೇಳಿದ ಹೊತ್ತನ್ನು ಮಳೆಗಾಲದಲ್ಲಿಯೂ ತಪ್ಪಿಸದವರು. ಮುಟ್ಟಿದರೆ ನೋವು ಇಳಿಯುವುದೆಂದು ಕಾಪುವಿನಿಂದ ಪಡುಬಿದ್ರಿಯವರೆಗೆ ಹೆಸರು ಪಡೆದವರು. ಇಷ್ಟೆಲ್ಲ ಗುಣಗಳಿಗೆ ನೆಲೆಯಾಗಿದ್ದೂ, ತಿಳಿಯದುದನ್ನು ತಿಳಿಯದೆಂದು ಒಪ್ಪಿಕೊಳ್ಳುವ ಒಂದು ಗುಣವನ್ನು ಮಾತ್ರ ಬಹಳ ತಡವಾಗಿ ಪಡೆದವರು. ಅವರೇ ಕಾರ್ಕಳದ ಮಗ್ಗುಲಿನ ಕುಕ್ಕುಂದೂರಿನ ಕರುಣಾಕರರು.

ಫಿಸಿಯೋಥೆರಪಿಯ ಪದವಿ ಮುಗಿಸಿದ ವರ್ಷವೇ ಅವರಿಗೆ ಮಣಿಪಾಲದಲ್ಲಿ ಮುಂದಿನ ಓದಿಗೆ ಸೀಟು ಸಿಕ್ಕಿತ್ತು. ಎರಡು ವರ್ಷದ ಎಂಪಿಟಿ, ಅದೂ ನರರೋಗದ ವಿಭಾಗದಲ್ಲಿ. ಆದರೆ ಅಷ್ಟರಲ್ಲಿ ಕಾಪುವಿನ ಪೇಟೆಯಲ್ಲಿ ತೆರೆದ ಚಿಕ್ಕ ಕ್ಲಿನಿಕ್ಕಿನ ಬೆಂಚು ಬೆಳಗ್ಗೆಯೇ ತುಂಬತೊಡಗಿತ್ತು. "ಇವರ ಕೈಗುಣ ಬೇರೆಯೇ" ಎಂಬ ಮಾತು ಕಿವಿಗೆ ಬಿದ್ದ ಮೇಲೆ ಓದಿನ ಹಂಬಲ ತಾನಾಗಿಯೇ ಸಣ್ಣದಾಯಿತು. ಪ್ರತಿ ಜೂನ್ ತಿಂಗಳಲ್ಲಿ ಹೆಂಡತಿ ಗುಣವತಿ ಕೇಳುತ್ತಿದ್ದರು:

"ಈ ಸಲವಾದರೂ ಅರ್ಜಿ ಹಾಕುತ್ತೀರಾ?"

"ಬರುವ ವರ್ಷ ನೋಡುವ."

ಏಳೆಂಟು ಜೂನ್‌ಗಳು ಹೀಗೆ ಕಳೆದವು. ಬಳಿಕ ಗುಣವತಿ ಕೇಳುವುದನ್ನು ಬಿಟ್ಟರು. ಅವರು ಬಿಟ್ಟದ್ದು ಯಾವ ವರ್ಷವೆಂಬುದು ಕರುಣಾಕರರ ಗಮನಕ್ಕೇ ಬರಲಿಲ್ಲ.

ನಾಲ್ಕು ವರ್ಷಗಳ ಹಿಂದೆ ಉಚ್ಚಿಲದ ವಾರಿಜಾ ಎಂಬ ಮೀನು ಮಾರುವ ಹೆಂಗಸಿಗೆ ಸ್ಟ್ರೋಕ್ ಆಯಿತು. ದೇಹದ ಬಲಭಾಗವೆಲ್ಲ ಮರದ ಕೊರಡಾಯಿತು. ಅಂಜಲ್ ಮೀನನ್ನು ಬೆರಳಗಲದ ತುಂಡುಗಳಾಗಿ ಒಂದೇ ಸಮನೆ ಕೊಯ್ಯುವುದರಲ್ಲಿ ಆ ಬಲಗೈಗೆ ಎಣೆಯಿರಲಿಲ್ಲ. ಗಂಡ ವಾಸು ಬೋಟಿನ ದುಡಿಮೆಯಿಂದ ಬಿಡುಗಡೆ ಪಡೆದು ಮನೆಯಲ್ಲಿದ್ದವರು. ಅವರು ಕ್ಲಿನಿಕ್ಕಿಗೆ ಬಂದು ಕೈಮುಗಿದು, "ಡಾಕ್ಟ್ರೇ, ನಿಮ್ಮ ಕೈ ಒಮ್ಮೆ ತಾಗಲಿ, ಅಷ್ಟು ಸಾಕು" ಎಂದರು.

ಕಾರ್ಕಳದ ಬಸ್ಸಿನಲ್ಲಿ ಬರುತ್ತಿದ್ದ ಕರುಣಾಕರರು ಅಂದಿನಿಂದ ದಿನವೂ ಮುಂಜಾನೆ ಉಚ್ಚಿಲದಲ್ಲಿ ಇಳಿದು, ವಾರಿಜಾರ ಮನೆಯಲ್ಲಿ ಒಂದು ಗಂಟೆ ಕಳೆದು, ಆಮೇಲೆ ಕ್ಲಿನಿಕ್ ತೆರೆಯತೊಡಗಿದರು. ಎರಡನೆಯ ತಿಂಗಳಲ್ಲಿ ವಾರಿಜಾ ಎದ್ದು ನಿಂತರು. ಮೂರನೆಯ ತಿಂಗಳಲ್ಲಿ ಗೋಡೆ ಹಿಡಿದು ಜಗಲಿಗೆ ನಡೆದರು. ಆ ವಾರವೇ ಬಲಗೈಯ ಬೆರಳುಗಳು ಒಮ್ಮೆ ತಾವಾಗಿಯೇ ತುಸು ಬಿಚ್ಚಿಕೊಂಡವು. ವಾಸು ಓಡಿಹೋಗಿ ಲಾಡು ತಂದರು. ಕರುಣಾಕರರು ಅದನ್ನು ತಮ್ಮ ಕೈಗುಣದ ಫಲವೆಂದೇ ತಿಳಿದು, ಆ ಬೆರಳುಗಳನ್ನು ಇನ್ನೂ ಹೆಚ್ಚು ಹೊತ್ತು ತಾವೇ ನೀವಿದರು, ತಾವೇ ಮಡಿಸಿದರು, ತಾವೇ ಬಿಡಿಸಿದರು.

ವಾಸುವಿನ ತಮ್ಮನ ಮಗಳು ನವ್ಯಶ್ರೀ ಆಗ ಪದವಿ ಮುಗಿಸಿ ಅವರ ಕ್ಲಿನಿಕ್ಕಿನಲ್ಲಿಯೇ ಕೆಲಸ ಕಲಿಯುತ್ತಿದ್ದಳು. ಒಂದು ಮಧ್ಯಾಹ್ನ ಅವಳು ಹಾಳೆಯೊಂದನ್ನು ತಂದು ಮೇಜಿನ ಮೇಲಿಟ್ಟಳು. ಮುಂದೆ ಓದಬಹುದಾದ ದಾರಿಗಳನ್ನೆಲ್ಲ ಅದರಲ್ಲಿ ಬರೆದಿದ್ದಳು: ಎಂಪಿಟಿಯಲ್ಲಿ ಮೂಳೆ ಮತ್ತು ಸ್ನಾಯು, ನರ, ಹೃದಯ ಮತ್ತು ಶ್ವಾಸಕೋಶ, ಮಕ್ಕಳು, ಕ್ರೀಡೆ; ಅದು ಬೇಡವೆಂದರೆ ಸಾರ್ವಜನಿಕ ಆರೋಗ್ಯ, ಆಸ್ಪತ್ರೆಯ ಆಡಳಿತ. ನರದ ವಿಭಾಗದ ಕೆಳಗೆ ಎರಡು ಗೆರೆ ಎಳೆದಿದ್ದಳು.

"ಎಂತಕ್ಕೆ ಇದೆಲ್ಲ?" ಎಂದರು ಕರುಣಾಕರರು.

"ದೊಡ್ಡಮ್ಮನ ಬೆರಳು ಬಿಚ್ಚಿತಲ್ಲ ಸರ್. ಹಾಗೆ ಬಿಚ್ಚುವವರಿಗೆ ಸರಿ ಇರುವ ಕೈಯನ್ನು ಕಟ್ಟಿ, ಬಿದ್ದ ಕೈಯಿಂದಲೇ ಕೆಲಸ ಮಾಡಿಸುವ ಕ್ರಮ ಉಂಟಂತೆ. ಪುಸ್ತಕದಲ್ಲಿ ಓದಿದ್ದೇನೆ. ಮಾಡಿಸಲಿಕ್ಕೆ ನನಗೆ ಬರುವುದಿಲ್ಲ. ಅದಕ್ಕೇ ಓದಬೇಕು ಅಂತ."

ಕರುಣಾಕರರು ಮನಬಿಚ್ಚಿ ನಕ್ಕರು. "ಒಂದು ಕೈ ಹೋದವರ ಇನ್ನೊಂದು ಕೈಯನ್ನೂ ಕಟ್ಟುವುದಾ? ಚೆಂದ ಉಂಟು ಮಾರಾಯ್ತಿ! ವಾಸಣ್ಣ ನನ್ನನ್ನೇ ಕಂಬಕ್ಕೆ ಕಟ್ಟಿಯಾರು." ಬಳಿಕ ಪೆನ್ನು ತೆಗೆದು, ಅವಳ ಹಾಳೆಯ ಮೇಲೆ ಈ ತುದಿಯಿಂದ ಆ ತುದಿಗೆ ಓರೆಯಾಗಿ 'ಅನುಭವ' ಎಂಬ ಒಂದೇ ಪದವನ್ನು ದೊಡ್ಡದಾಗಿ ಬರೆದರು. "ಇದು ಯಾವ ಕಾಲೇಜಿನಲ್ಲಿಯೂ ಸಿಕ್ಕುವುದಿಲ್ಲ. ಇಲ್ಲೇ ಇರು."

ನವ್ಯಶ್ರೀ ಹಾಳೆಯನ್ನು ಮಡಚಿಕೊಂಡಳು. ಗುರುವಿನ ಮಾತೆಂದು ಒಂದು ವರ್ಷ ಇದ್ದಳು. ಮರುವರ್ಷ ಹೇಳದೆಯೇ ಅರ್ಜಿ ಹಾಕಿ ಮಣಿಪಾಲಕ್ಕೆ ಹೋದಳು. ಕರುಣಾಕರರು ಮುಂಜಾನೆಯ ಬಸ್ಸನ್ನು ಬಿಡಲಿಲ್ಲ. ಆದರೆ ಬಿಚ್ಚಿದ್ದ ಬೆರಳುಗಳು ಮತ್ತೆ ಮಡಚಿಕೊಂಡು ಒಂದು ಮೊಗ್ಗಿನಂತೆ ನಿಂತುಬಿಟ್ಟವು. "ಕಾಲಾದರೂ ಬಂತಲ್ಲ" ಎಂದು ವಾರಿಜಾ ಸಮಾಧಾನ ಹೇಳುತ್ತಿದ್ದರು. ರೋಗಿಯೇ ವೈದ್ಯನಿಗೆ ಸಮಾಧಾನ ಹೇಳುವಂತಾದುದನ್ನು ಕರುಣಾಕರರು ವಿನಯವೆಂದು ತಿಳಿದರೇ ಹೊರತು ಸೂಚನೆಯೆಂದು ತಿಳಿಯಲಿಲ್ಲ.

ಈ ವರ್ಷ ಓದು ಮುಗಿಸಿ ಉಡುಪಿಯಲ್ಲಿ ಕೆಲಸಕ್ಕೆ ಸೇರಿದ ನವ್ಯಶ್ರೀ ಒಂದು ಭಾನುವಾರ ದೊಡ್ಡಮ್ಮನ ಮನೆಗೆ ಬಂದಳು. ಬರುವ ಮೊದಲು ಕರುಣಾಕರರಿಗೆ ಫೋನು ಮಾಡಿ, "ನೀವೂ ಇರಬೇಕು ಸರ್, ನಿಮ್ಮ ಪೇಷೆಂಟು" ಎಂದಳು. ಅವಳ ಸೌಜನ್ಯ ಹಾಗಿತ್ತು.

ಅವಳು ವಾರಿಜಾರ ಎಡಗೈಗೆ ದಪ್ಪ ಬಟ್ಟೆಯ ಚೀಲವನ್ನು ತೊಡಿಸಿ ಮಣಿಕಟ್ಟಿನಲ್ಲಿ ಕಟ್ಟಿದಳು. ಎದುರಿಗೆ ಒಂದು ತಟ್ಟೆ, ತಟ್ಟೆಯ ಆಚೆ ನಾಲ್ಕು ಬಂಗುಡೆ.

"ಒಂದೊಂದೇ ಎತ್ತಿ ತಟ್ಟೆಗೆ ಹಾಕಿ ದೊಡ್ಡಮ್ಮ. ಬಲಗೈಯಲ್ಲಿ."

"ನಿನಗೆ ತಲೆ ಸರಿ ಉಂಟಾ? ಮಣಿಪಾಲದಲ್ಲಿ ಪೊಲೀಸ್ ಕೆಲಸ ಕಲಿತು ಬಂದದ್ದಾ ನೀನು?"

"ಹೌದು. ಎತ್ತಿ."

"ಮಧ್ಯಾಹ್ನ ಊಟಕ್ಕೆ ಎಂತ ಮಾಡುವುದು?" ಎಂದು ವಾಸು ಬಾಗಿಲಿನಿಂದ ಕೇಳಿದರು.

"ಇದೇ ಕೈಯಲ್ಲಿ ಉಣ್ಣಲಿ. ದೊಡ್ಡಪ್ಪ, ನೀವು ತಿನ್ನಿಸಿದಿರೋ, ನಿಮ್ಮ ಕೈಯನ್ನೂ ಕಟ್ಟುತ್ತೇನೆ."

ವಾರಿಜಾ ಬೈಯುತ್ತ ಬೈಯುತ್ತ ಕೈ ಚಾಚಿದರು. ಬೆರಳು ಮೀನಿನ ಬೆನ್ನಿಗೆ ತಾಗಿತು, ಜಾರಿತು. ಮತ್ತೆ ತಾಗಿತು, ಜಾರಿತು. ಹಣೆಯಲ್ಲಿ ಬೆವರೊಡೆಯಿತು. ಕರುಣಾಕರರ ಎರಡೂ ಕೈಗಳು ಅವರ ಅಪ್ಪಣೆಯನ್ನೇ ಕೇಳದೆ ಮುಂದೆ ಹೋದವು.

"ಸರ್, ಕೈ ಹಿಂದೆ," ಎಂದಳು ನವ್ಯಶ್ರೀ, ಮೆಲ್ಲಗೆ.

ಅವರು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು. ಕಾಪುವಿನಿಂದ ಪಡುಬಿದ್ರಿಯವರೆಗೆ ಹೆಸರು ಪಡೆದ ಆ ಕೈಗಳಿಗೆ ಮಾಡಲು ಕೆಲಸವಿಲ್ಲದ ಮೊದಲ ಗಳಿಗೆ ಅದು. ಹದಿನೇಳನೆಯ ಸಲವೋ ಏನೋ, ಮೀನೊಂದು ನೆಲಬಿಟ್ಟು ಎರಡು ಅಂಗುಲ ಮೇಲೆದ್ದಿತು. ತಟ್ಟೆಗೆ ಮುಟ್ಟುವ ಮೊದಲೇ ಬಿದ್ದಿತು. ಆದರೂ ಎದ್ದಿತ್ತು. ಅದನ್ನು ಎತ್ತಿದ್ದು ಯಾರ ಕೈಗುಣವೂ ಅಲ್ಲ, ವಾರಿಜಾರ ಕೈ.

ಎರಡು ತಿಂಗಳ ಕಾಲ ನವ್ಯಶ್ರೀ ಬಂದಳು. ಅವಳು ಬಾರದ ದಿನಗಳಲ್ಲಿ ಕರುಣಾಕರರು ಅವಳು ಹೇಳಿಕೊಟ್ಟಂತೆ, ಕೈಕಟ್ಟಿ ನಿಂತು ಮಾಡಿಸಿದರು. ಕೊನೆಗೆ ಬಲಗೈ ಮೀನನ್ನು ಅಲುಗದಂತೆ ಒತ್ತಿಹಿಡಿಯುವಷ್ಟು ಬಂದಿತು. ಕತ್ತಿ ಹಿಡಿಯುವಷ್ಟು ಬರಲಿಲ್ಲ. ಕೊಯ್ಯುವುದು ಎಡಗೈಯೇ; ತುಂಡುಗಳು ಒಂದು ದಪ್ಪ, ಒಂದು ತೆಳು.

ಬಸ್‌ಸ್ಟ್ಯಾಂಡಿನವರೆಗೆ ಅವಳ ಜೊತೆ ನಡೆಯುತ್ತ ಕರುಣಾಕರರು ಕೇಳಿದರು: "ಆವತ್ತೇ ಕಟ್ಟಿದ್ದರೆ?"

ನವ್ಯಶ್ರೀ ಹೆದ್ದಾರಿಯ ಕಡೆ ನೋಡಿದಳು. "ಖಂಡಿತ ಹೇಳಲಿಕ್ಕೆ ಆಗುವುದಿಲ್ಲ ಸರ್. ಆದರೆ ಮೊದಲ ವರ್ಷ ಸಿಕ್ಕುವಷ್ಟು ಆಮೇಲೆ ಸಿಕ್ಕುವುದಿಲ್ಲ."

ಮರುದಿನ ಅವರು ಉಚ್ಚಿಲದಲ್ಲಿ ಇಳಿದು, ವಾರಿಜಾರ ಜಗಲಿಯಲ್ಲಿ ಕುಳಿತು ಎಲ್ಲವನ್ನೂ ಹೇಳಿದರು: ತಾವು ಬಿಟ್ಟ ಸೀಟು, ಆ ಹಾಳೆ, ಅದರ ಮೇಲೆ ಬರೆದ ಪದ, ನಕ್ಕ ನಗು.

ವಾರಿಜಾ ಬಲಗೈಯನ್ನು ಮಡಿಲಲ್ಲಿಟ್ಟು ನೋಡಿದರು. "ನೀವು ಬಾರದಿದ್ದರೆ ನಾನು ಈ ಜಗಲಿಯನ್ನೂ ಕಾಣುತ್ತಿರಲಿಲ್ಲ ಡಾಕ್ಟ್ರೇ, ಅದು ಸತ್ಯ. ಆದರೆ ಕೈ ಹೋದದ್ದೂ ಸತ್ಯ. ಬೇಸರ ಇಲ್ಲ ಅಂತ ಸುಳ್ಳು ಹೇಳಲಿಕ್ಕೆ ನನಗೆ ಬರುವುದಿಲ್ಲ." ಆಮೇಲೆ ಒಳಗೆ ತಿರುಗಿ ಕೂಗಿದರು: "ಹೋಯ್, ಡಾಕ್ಟ್ರಿಗೆ ಚಾ ಮಾಡಿ! ಸಕ್ಕರೆ ಕಡಿಮೆ ಹಾಕಿ, ಅವರಿಗೂ ಪ್ರಾಯ ಆಯಿತು."

ಆ ಚಹಾವನ್ನು ಅವರು ಕುಡಿದರು. ಕ್ಷಮೆ ಸಿಕ್ಕಿತೋ ಇಲ್ಲವೋ ಎಂದು ಕೇಳುವ ಧೈರ್ಯ ಬರಲಿಲ್ಲ.

ಈಗ ಸ್ಟ್ರೋಕ್ ಆದವರು ಕಾಪುವಿಗೆ ಬಂದರೆ ಕರುಣಾಕರರು ಮೊದಲ ವಾರವೇ ಉಡುಪಿಗೆ, ನವ್ಯಶ್ರೀಯ ಬಳಿಗೆ ಕರೆದೊಯ್ಯುತ್ತಾರೆ. ಅವಳು ಹೇಳುವುದನ್ನು ಪುಟ್ಟ ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಈ ವರ್ಷದ ಜೂನಿನಲ್ಲಿ ಅವರ ಮಗಳು ನಿಖಿತಾ, ಅವಳೂ ಅದೇ ಪದವಿಯನ್ನು ಮುಗಿಸಿದವಳು, ಊಟದ ಮೇಜಿನ ಮೇಲೆ ಒಂದು ಹಾಳೆಯನ್ನಿಟ್ಟು, "ಅಪ್ಪ, ಮುಂದೆ ಯಾವುದನ್ನು ಓದಲಿ?" ಎಂದಳು. ಕರುಣಾಕರರು ಅಭ್ಯಾಸಬಲದಿಂದ ಪೆನ್ನು ತೆಗೆದರು. ತೆಗೆದು, ಮುಚ್ಚಳ ಹಾಕಿ ಮತ್ತೆ ಜೇಬಿಗಿಟ್ಟರು.

"ಇದನ್ನು ಹಿಡಿದುಕೊಂಡು ನವ್ಯಶ್ರೀ ಹತ್ತಿರ ಹೋಗು. ಅವಳು ಹೇಳುವಾಗ ನನಗೂ ಒಂದು ಕುರ್ಚಿ ಇಡಲಿಕ್ಕೆ ಹೇಳು."

ಗುಣವತಿ ಬಡಿಸುತ್ತಿದ್ದ ಸೌಟು ಒಂದು ಕ್ಷಣ ನಿಂತಿತು.

ಉಚ್ಚಿಲದ ಮಹಾಲಕ್ಷ್ಮಿಯೂ ಉಡುಪಿಯ ಶ್ರೀಕೃಷ್ಣನೂ ಈ ಮನೆಯನ್ನು ಕಾಯಲಿ. ಕರುಣಾಕರರ ಕೈಗಳಿಗೆ ಮುಟ್ಟುವ ಬಲದ ಜೊತೆಗೆ ತಡೆದು ನಿಲ್ಲುವ ತಾಳ್ಮೆಯೂ ಕೊನೆಯವರೆಗೆ ಇರಲಿ. ಕೇಳದೆ ಉಳಿದ ಗುಣವತಿಯ ಪ್ರಶ್ನೆಗಳಿಗೆ ಮಗಳ ಓದು ಉತ್ತರವಾಗಲಿ. ನಿಖಿತಾ ಮುಟ್ಟಿದ ಕೈಗಳೆಲ್ಲ ತಮ್ಮ ಕೆಲಸಕ್ಕೆ ತಾವೇ ಮರಳಲಿ. ಆ ಮನೆಯ ಹೊಸ್ತಿಲಿಗೆ ಬರುವ ಯಾವ ನೋವೂ ಕಾಲ ಮೀರಿ ಬಾರದಿರಲಿ.