ಸುಟ್ಟ ತಲೆಯ ಮೆದುಳು

ನನ್ನ ಗೈಡಿಗೆ ನನ್ನ ಮೇಲೆ ಅನುಮಾನ ಬಂದದ್ದು ಪ್ರಯೋಗ ಕೆಟ್ಟಾಗ ಅಲ್ಲ, ಚೆನ್ನಾಗಿ ಬಂದಾಗ. ತೊಂಬತ್ತರ ದಶಕದ ಕೊನೆ. ತುಮಕೂರಿನ ಲ್ಯಾಬೊಂದರಲ್ಲಿ ಪಿಎಚ್.ಡಿ. ಮುಗಿಸುವ ಹಂತದಲ್ಲಿದ್ದೆ. ಜೀವಕೋಶದ ಪೊರೆಯಲ್ಲಿ ರಿಸೆಪ್ಟರ್ ಅನ್ನುವ ಪ್ರೋಟೀನುಗಳಿರುತ್ತವೆ. ಹೊರಗಿನಿಂದ ಬಂದ ಔಷಧಿಯನ್ನು ಹಿಡಿದುಕೊಳ್ಳುವುದು ಅವುಗಳ ಕೆಲಸ. ಪೊರೆಯಿಂದ ಬಿಡಿಸಿದರೆ ಆಕಾರ ಕೆಟ್ಟು ಹಿಡಿತ ಹೋಗುತ್ತದೆ ಅಂತ ನಮ್ಮ ಲ್ಯಾಬಿನಲ್ಲಿ ಎಲ್ಲರೂ ಕೈಚೆಲ್ಲಿದ್ದರು. ನಾನು ಬಿಡಿಸಿದ ರಿಸೆಪ್ಟರ್ ಔಷಧಿಯನ್ನು ಹಿಡಿಯಿತು. ಮತ್ತೆ ಮಾಡಿದೆ, ಮತ್ತೂ ಹಿಡಿಯಿತು.

ಗೈಡು ನನ್ನ ಗ್ರಾಫನ್ನು ಖೋಟಾ ನೋಟಿನ ಹಾಗೆ ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು.

"ಇಷ್ಟ್ ನೀಟಾಗಿ ಹೆಂಗಮ್ಮ ಬರುತ್ತೆ?" ಅಂದರು. "ಮುಂದಿನ ಸಲ ಮೆದುಳು ನಾನೇ ತರ್ತೀನಿ. ನನ್ನೆದುರಿಗೆ ಮಾಡು. ಬರ್ಲಿಲ್ಲ ಅಂದ್ರೆ ಈ ಚಾಪ್ಟರ್ ತೆಗ್ದುಬಿಡು."

ಆ ಚಾಪ್ಟರ್ ತೆಗೆದರೆ ನನ್ನ ಥೀಸಿಸ್ಸಿನಲ್ಲಿ ಉಳಿಯುವುದು ಪೀಠಿಕೆ ಮಾತ್ರ. ಮೈಯೆಲ್ಲ ಉರಿದುಹೋಯಿತು. ಆದರೂ ತಲೆಯಾಡಿಸಿದೆ.

ಮೆದುಳು ಅಂದರೆ ಕುರಿಯ ಮೆದುಳು, ನಾನು ರಿಸೆಪ್ಟರ್ ಬಿಡಿಸುತ್ತಿದ್ದದ್ದು ಅದರಿಂದಲೇ. ಅಲ್ಲಿಯವರೆಗೆ ನಾನೇ ಗುಬ್ಬಿಯಿಂದ ಬೆಳಗಿನ ಬಸ್ಸಿನಲ್ಲಿ, ಐಸ್ ತುಂಬಿದ ಫ್ಲಾಸ್ಕಿನಲ್ಲಿ ತರುತ್ತಿದ್ದೆ. ಗೈಡು ಕುಣಿಗಲ್‌ನವರು, ಮೊಟ್ಟೆ ಕೂಡ ಮುಟ್ಟದ ಮನೆ. ತಮ್ಮೂರಿನ ಮಾಂಸದಂಗಡಿಯ ಮುಂದೆ ಅವರು ನಿಂತದ್ದು ಅದೇ ಮೊದಲಿರಬೇಕು. ನಾನು ಏನಾದರೂ ಬೆರೆಸಿಬಿಟ್ಟೇನು ಅಂತ ಡಬ್ಬಿಯನ್ನು ಲ್ಯಾಬಿನವರೆಗೂ ತಾವೇ ಹಿಡಿದು ತಂದರು. ಆಮೇಲೆ ಸ್ಟೂಲು ಎಳೆದುಕೊಂಡು ನನ್ನ ಕೈಯನ್ನೇ ನೋಡುತ್ತ ಕೂತರು.

ಏನೂ ಹಿಡಿಯಲಿಲ್ಲ. ಗೈಡು ನಿಟ್ಟುಸಿರು ಬಿಟ್ಟರು. ಅದರಲ್ಲಿ ಸಮಾಧಾನವಿತ್ತು ಅಂತ ಇವತ್ತಿಗೂ ನನಗೆ ಗುಮಾನಿ.

ಡಬ್ಬಿಯಲ್ಲಿ ಉಳಿದಿದ್ದ ತುಂಡನ್ನು ತೆಗೆದು ನೋಡಿದೆ. ಅಂಚು ಬೆಳ್ಳಗೆ ಗಟ್ಟಿಯಾಗಿತ್ತು. ಮೂಗಿನ ಹತ್ತಿರ ತಂದೆ. ಹಾಗಲವಾಡಿಯ ನಮ್ಮ ಹಿತ್ತಲಲ್ಲಿ ಅಪ್ಪ ಭಾನುವಾರ ತಲೆಕಾಲು ಸುಡುವಾಗ ಬರುತ್ತಿದ್ದ, ಕೂದಲು ಸೀದ ವಾಸನೆ! ಬೇಕಂತಲೇ ಸುಡಿಸಿಕೊಂಡು ಬಂದರಾ ಇವರು? ಮೊದಲು ಹೊಳೆದದ್ದು ಅದೇ.

"ಸಾರ್, ಇದು ಸುಟ್ಟಿರೋ ತಲೆ. ಮೆದುಳು ಅರ್ಧ ಬೆಂದೋಗಿದೆ. ನೋಡಿ, ಬಿಡ್ಸದೆ ಪೊರೇಲೇ ಇರೋ ರಿಸೆಪ್ಟರ್ ಕೂಡ ಹಿಡೀತಿಲ್ಲ. ನಾನ್ ಬಿಡ್ಸಿದ್ದಕ್ಕಲ್ಲ ಇದು ಕೆಟ್ಟಿರೋದು."

"ಸುಡೋದಾ? ಯಾಕ್ ಸುಡ್ತಾರೆ?"

"ಸಾರಿಗೆ ಹಾಕೋ ಮುಂಚೆ ಎಲ್ರೂ ಸುಡ್ತಾರೆ ಸಾರ್. ಬೇಡ ಅನ್ನದಿದ್ರೆ ಅಂಗಡಿಯವನೇ ಸುಟ್ಟು ಕೊಡ್ತಾನೆ. ನೀವ್ ನೋಡ್ಲಿಲ್ವಾ?"

ಗೈಡು ಕನ್ನಡಕ ತೆಗೆದು ಒರೆಸಿದರು. "ನಾನು ಆ ಕಡೆ ತಿರುಗ್ಕೊಂಡು ನಿಂತಿದ್ದೆ," ಅಂದರು.

ನಗು ಬಂತು, ನುಂಗಿಕೊಂಡೆ. ಮುಂದಿನ ವಾರ ಇಬ್ಬರೂ ಕುಣಿಗಲ್‌ನ ಅದೇ ಅಂಗಡಿಗೆ ಹೋದೆವು. "ಸುಡಬ್ಯಾಡಿ, ಹಸೀದೇ ಒಡೀರಿ" ಅಂದೆ. "ಹಸೀದು ಏನ್ ರುಚಿ ಬತ್ತದಕ್ಕ?" ಅಂತ ಅಂಗಡಿಯವನು ನಮ್ಮಿಬ್ಬರನ್ನೂ ವಿಚಿತ್ರವಾಗಿ ನೋಡಿದ. ಈ ಸಲ ಗೈಡು ಮೂಗಿಗೆ ಕರ್ಚೀಫು ಒತ್ತಿಕೊಂಡು, ಕಣ್ಣು ಬಿಟ್ಟುಕೊಂಡು ನಿಂತಿದ್ದರು. ಡಬ್ಬಿ ಮಾತ್ರ ದಾರಿಯುದ್ದಕ್ಕೂ ಅವರ ತೊಡೆಯ ಮೇಲೆಯೇ ಇತ್ತು.

ರಿಸೆಪ್ಟರ್ ಹಿಡಿಯಿತು. ಗ್ರಾಫು ನನ್ನ ಹಳೆಯ ಗ್ರಾಫಿನ ಮೇಲೆಯೇ ಕೂತಿತು. ಗೈಡು ಅದನ್ನು ಸುಮಾರು ಹೊತ್ತು ನೋಡಿ, ಪೆನ್ನು ತೆಗೆದು ಚಾಪ್ಟರಿಗೆ ಸಹಿ ಹಾಕಿದರು. ಗೆದ್ದಿದ್ದೆ, ಆದರೆ ಸಿಟ್ಟು ಆರಿರಲಿಲ್ಲ.

"ಈಗ್ಲಾದ್ರೂ ನನ್ನ ನಂಬಿದ್ರಾ ಸಾರ್?" ಅಂತ ಕೇಳಿಯೇಬಿಟ್ಟೆ.

"ನಂಬೋದು ನಮ್ಮ ಕೆಲ್ಸ ಅಲ್ಲಮ್ಮ. ಕಣ್ಣಾರೆ ನೋಡೋದು ನಮ್ಮ ಕೆಲ್ಸ. ಸೈನ್ಸ್ ಅಂದ್ರೆ ಅದೇ."

ಒಳ್ಳೆಯ ಮಾತು. ನಾನೂ ಆಮೇಲೆ ಎಷ್ಟೋ ಮಕ್ಕಳಿಗೆ ಇದನ್ನೇ ಹೇಳಿಕೊಟ್ಟಿದ್ದೇನೆ. ಅವತ್ತು ಮಾತ್ರ ಹಾಳೆಗಳನ್ನು ಎತ್ತಿಕೊಂಡು ಹೊರಗೆ ಬಂದೆ. ಗೈಡಿನ ಕೈಕೆಳಗೆ ಬೇರೆ ಹುಡುಗರೂ ಪಿಎಚ್.ಡಿ. ಮಾಡುತ್ತಿದ್ದರು. ಅವರಲ್ಲಿ ಯಾರ ಬೆಂಚಿನ ಪಕ್ಕದಲ್ಲೂ ಗೈಡು ಸ್ಟೂಲು ಎಳೆದುಕೊಂಡು ಕೂತದ್ದನ್ನು ನಾನು ಕಂಡಿಲ್ಲ.